ಗೇರ್‌ಬಾಕ್ಸ್ ಕೆಳಗೆ ಬೀಳುತ್ತಿದ್ದ ನೀರು: ಅಂಬಾಸಡರ್ ಕೂಲೆಂಟ್ ಸೋರಿಕೆ ರಿಪೇರಿ

ಕಾರು 1984ರ ಅಂಬಾಸಡರ್ ಮಾರ್ಕ್ 4. ಪೆಟ್ರೋಲ್, 1489 ಸಿಸಿ. ತೀರ್ಥಹಳ್ಳಿ ಹತ್ತಿರ ದೊಡ್ಡಪ್ಪನ ತೋಟದಲ್ಲಿ ಅಡಿಕೆ ಮೂಟೆ, ನೆಂಟರು, ಮದುವೆ ದಿಬ್ಬಣ ಎಲ್ಲವನ್ನೂ ಹೊತ್ತ ಗಾಡಿ. ಈಗ ಶಿವಮೊಗ್ಗದಲ್ಲಿ ನಮ್ಮ ಮನೆ ಶೆಡ್ಡಿನಲ್ಲಿದೆ.

ಕಾಯಿಲೆ ಒಂದೇ, ರೇಡಿಯೇಟರಿನ ನೀರು ಕಮ್ಮಿಯಾಗುವುದು. ಪೇಟೆಯೊಳಗೆ ಓಡಾಡಿದರೆ ವಾರಕ್ಕೆ ಅರ್ಧ ಲೀಟರ್. ತೀರ್ಥಹಳ್ಳಿಗೆ ಹೋಗಿ ಬಂದರೆ ಒಂದು ಲೀಟರಿಗಿಂತ ಜಾಸ್ತಿ. ಆಗುಂಬೆ ಘಾಟಿ ಹತ್ತಿಸಿದರೆ ಅರ್ಧ ದಾರಿಯಲ್ಲೇ ಟೆಂಪರೇಚರ್ ಮುಳ್ಳು ಮೇಲೆ ಹೋಗಿ ನಿಲ್ಲುತ್ತಿತ್ತು. ಶೆಡ್ಡಿನ ನೆಲದಲ್ಲಿ ಒದ್ದೆ ಕಾಣುತ್ತಿದ್ದದ್ದು ರೇಡಿಯೇಟರ್ ಕೆಳಗಲ್ಲ, ಎಂಜಿನ್ನೂ ಗೇರ್‌ಬಾಕ್ಸೂ ಸೇರುವ ಜಾಗದ ಕೆಳಗೆ. ಅದನ್ನು ಕಂಡವರೆಲ್ಲ ಮೊದಲು ಗೇರ್ ಆಯಿಲ್ ಅಂದರು. ಬೆರಳಲ್ಲಿ ಮುಟ್ಟಿ ನೋಡಿದರೆ ಜಿಡ್ಡಿಲ್ಲ. ಬರೀ ತುಕ್ಕು ನೀರು.

ಮೇ ಕೊನೆ: ಹೋಸು

ಸುಲಭದ ಕೆಲಸದಿಂದ ಶುರು ಮಾಡಿದೆ. ಮೇಲಿನ ಹೋಸು ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ಕೆಳಗಿನದು ಕ್ಲಿಪ್ ಹತ್ತಿರ ಉಬ್ಬಿತ್ತು. ಎರಡನ್ನೂ ಬದಲಾಯಿಸಿದೆ. ಹಳೆಯ ತಂತಿ ಕ್ಲಿಪ್ ತೆಗೆದು ಸ್ಕ್ರೂ ಕ್ಲಿಪ್ ಹಾಕಿದೆ. ರೇಡಿಯೇಟರ್ ಪೈಪಿನ ಬಾಯಿಗೆ ಅಂಟಿದ್ದ ಹಳೆ ರಬ್ಬರನ್ನು 120ರ ಎಮೆರಿ ಪೇಪರಿನಲ್ಲಿ ಉಜ್ಜಿ ತೆಗೆಯಬೇಕು. ಅದನ್ನು ಬಿಟ್ಟು ಕ್ಲಿಪ್ಪನ್ನು ಎಷ್ಟು ಬಿಗಿದರೂ ಪಸೆ ನಿಲ್ಲುವುದಿಲ್ಲ.

ಖರ್ಚು 850 ರೂ. ಸೋರಿಕೆ ಇದ್ದ ಹಾಗೇ ಇತ್ತು.

ಜೂನ್ ಮೊದಲ ವಾರ: "ಹೆಡ್ ಬಿಚ್ಚಬೇಕು ಸಾರ್"

ಮಳೆ ಹಿಡಿದ ಮೇಲೆ ಒಂದು ಗ್ಯಾರೇಜಿಗೆ ಒಯ್ದೆ. ಅಲ್ಲಿಯವರು ಆಯಿಲ್ ತುಂಬುವ ಮುಚ್ಚಳ ತೆಗೆದು ತಿರುಗಿಸಿ ತೋರಿಸಿದರು. ಒಳಗೆ ಕೆನೆ ಬಣ್ಣದ ಜಿಡ್ಡು ಮೆತ್ತಿಕೊಂಡಿತ್ತು. "ನೀರು ಆಯಿಲ್‌ಗೆ ಸೇರ್ತಿದೆ. ಹೆಡ್ ಗ್ಯಾಸ್ಕೆಟ್ ಹೋಗಿದೆ. ಹೆಡ್ ಬಿಚ್ಚಬೇಕು ಸಾರ್," ಅಂದರು. ಹೆಡ್ ಅಂದರೆ ಎಂಜಿನ್ನಿನ ಮೇಲ್ಭಾಗ; ಅದೂ ಸಿಲಿಂಡರುಗಳಿರುವ ಎರಕದ ಬ್ಲಾಕೂ ಸೇರುವಲ್ಲಿನ ಪ್ಯಾಕಿಂಗೇ ಹೆಡ್ ಗ್ಯಾಸ್ಕೆಟ್. ಅಂದಾಜು ಖರ್ಚು 18,000 ರೂ.

ನಾನು ಒಪ್ಪಲಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಹಳೇ ಗಾಡಿಯನ್ನು ಬರೀ ಹತ್ತಿರದ ಓಡಾಟಕ್ಕೆ ಬಳಸಿದರೆ ಎಂಜಿನ್ ಸರಿಯಾಗಿ ಬಿಸಿಯೇ ಆಗುವುದಿಲ್ಲ. ಒಳಗಿನ ತೇವ ಆವಿಯಾಗಿ ಹೊರಗೆ ಹೋಗದೆ ತಣ್ಣಗಿನ ಮುಚ್ಚಳಕ್ಕೆ ಹತ್ತಿ ಆಯಿಲ್ ಜೊತೆ ಕಲೆಯುತ್ತದೆ. ಮುಚ್ಚಳ ಒಂದನ್ನೇ ನೋಡಿ ಹೆಡ್ ಬಿಚ್ಚಲು ಕೂರಬಾರದು. ಮನೆಗೆ ಬಂದು ಇವಿಷ್ಟನ್ನು ನೋಡಿದೆ:

ಡಿಪ್‌ಸ್ಟಿಕ್ ತೆಗೆದರೆ ಆಯಿಲ್ ಬಣ್ಣ ಸರಿಯಾಗಿತ್ತು, ಮಟ್ಟ ಏರಿರಲಿಲ್ಲ. ರೇಡಿಯೇಟರ್ ಮುಚ್ಚಳ ತೆಗೆದಿಟ್ಟು, ತಣ್ಣಗಿನ ಎಂಜಿನ್ ಶುರು ಮಾಡಿ ಆಕ್ಸಿಲರೇಟರ್ ಒತ್ತಿದರೆ ಗುಳ್ಳೆ ಏಳಲಿಲ್ಲ. ಸ್ಪಾರ್ಕ್ ಪ್ಲಗ್ ನಾಲ್ಕೂ ಒಂದೇ ಬಣ್ಣ. ಹೆಡ್ ಗ್ಯಾಸ್ಕೆಟ್ ಸೋರಿ ನೀರು ಸಿಲಿಂಡರಿಗೆ ಹೋಗುತ್ತಿದ್ದರೆ ಆ ಸಿಲಿಂಡರಿನ ಪ್ಲಗ್ ತೊಳೆದ ಹಾಗೆ ಶುಭ್ರವಾಗಿರುತ್ತದೆ. ಕೊನೆಗೆ ಗೆಳೆಯನೊಬ್ಬನ ಕಂಪ್ರೆಷನ್ ಗೇಜ್ ತಂದು ಸಿಲಿಂಡರುಗಳ ಒತ್ತಡ ಅಳೆದೆ. ನಾಲ್ಕೂ 110ರಿಂದ 118 ಪಿಎಸ್‌ಐ ಒಳಗೆ ಬಂತು. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಕುಸಿದಿದ್ದರೆ ಆಗ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಬಹುದಿತ್ತು.

ಹೆಡ್ ಮುಟ್ಟುವ ಮಾತು ಅಲ್ಲಿಗೆ ಮುಗಿಯಿತು. ಹತ್ತಿರದ ಓಡಾಟದಲ್ಲಿ ಎಂಜಿನ್ ಬಿಸಿಯಾಗುತ್ತಿಲ್ಲ ಅನ್ನುವುದು ಮಾತ್ರ ತಲೆಯಲ್ಲಿ ಉಳಿಯಿತು.

ಜೂನ್ ನಡುವೆ: ವಾಟರ್ ಪಂಪ್

ಪಂಪಿನ ಕೆಳಗೆ ಒಂದು ಸಣ್ಣ ತೂತು ಇರುತ್ತದೆ. ಒಳಗಿನ ಸೀಲ್ ಹೋದರೆ ನೀರು ಬೇರಿಂಗಿಗೆ ನುಗ್ಗದೆ ಆ ತೂತಿನಿಂದ ಹೊರಗೆ ಬರಲಿ ಅಂತ. ನನ್ನ ಪಂಪಿನ ತೂತಿನ ಸುತ್ತ ತುಕ್ಕಿನ ಗೆರೆ ಇತ್ತು. ಫ್ಯಾನ್ ಹಿಡಿದು ಅಲ್ಲಾಡಿಸಿದರೆ ಬೇರಿಂಗಿನಲ್ಲಿ ಸ್ವಲ್ಪ ಆಟ. ಬದಲಾಯಿಸುವುದೇ ಸರಿ ಅನ್ನಿಸಿತು.

ಈ ಎಂಜಿನ್ನಿಗೆ ಕೈ ಹಾಕುವವರಿಗೆ ಪಾನಾ ವಿಷಯದಲ್ಲಿ ಒಂದು ಮಾತು. ಇದು ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ-ಸೀರೀಸ್ ಎಂಜಿನ್, ಅಂಬಾಸಡರಿಗೆ ಮೂಲವಾದ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಜೊತೆ ಬಂದದ್ದು. ನಟ್ಟು ಬೋಲ್ಟೆಲ್ಲ ಇಂಚಿನ ಅಳತೆ. ಅರ್ಧ ಇಂಚಿನ ತಲೆ ಅಂದರೆ 12.7 ಮಿ.ಮೀ. 13ರ ಪಾನಾ ಹೆಚ್ಚು ಕಮ್ಮಿ ಕೂರುತ್ತದೆ. 9/16 ಅಂದರೆ 14.3 ಮಿ.ಮೀ. ಅದಕ್ಕೆ 14 ಹೋಗುವುದಿಲ್ಲ, 15 ಜಾರುತ್ತದೆ. ಈ ಗಾಡಿಯಲ್ಲಿ ಮೂಲೆ ಸವೆದ ಬೋಲ್ಟ್ ತಲೆಗಳೆಲ್ಲ ಹೀಗೆ ಆದವು. 7/16, 1/2, 9/16 ಈ ಮೂರು ರಿಂಗ್ ಪಾನಾ ಇಟ್ಟುಕೊಂಡರೆ ಮುಂಭಾಗದ ಕೆಲಸ ಪೂರ್ತಿ ಆಗುತ್ತದೆ.

ಕ್ರಮ ಹೀಗೆ: ಬ್ಯಾಟರಿ ವೈರ್ ತೆಗೆಯಿರಿ. ನೀರು ಇಳಿಸಿ. ಡೈನಮೋ ಸಡಿಲಿಸಿ ಬೆಲ್ಟ್ ತೆಗೆಯಿರಿ, ಆಮೇಲೆ ಡೈನಮೋವನ್ನೇ ಬಿಚ್ಚಿ ಪಕ್ಕಕ್ಕೆ ಇಡಿ. ಫ್ಯಾನ್, ಪುಲ್ಲಿ, ಕೊನೆಗೆ ಪಂಪ್.

ನೀರು ಇಳಿಸುವಾಗಲೇ ಒಂದು ಸುಳಿವು ಸಿಕ್ಕಿತ್ತು. ರೇಡಿಯೇಟರ್ ಕೆಳಗಿನ ನಲ್ಲಿ ತಿರುಗಿಸಿದೆ, ನೀರು ಬಂತು. ಬ್ಲಾಕ್ ಪಕ್ಕದಲ್ಲಿ ಹಿಂದುಗಡೆ ಇನ್ನೊಂದು ನಲ್ಲಿ ಇದೆ. ಅದನ್ನು ಪೂರ್ತಿ ತಿರುಗಿಸಿದರೂ ಒಂದು ಹನಿ ಬರಲಿಲ್ಲ. ಆಗ ಅದರ ಕಡೆ ಗಮನ ಕೊಡಲಿಲ್ಲ. ಬ್ಲಾಕಿನ ಹಿಂಭಾಗದ ತಳ ಕೆಸರಿನಿಂದ ಮುಚ್ಚಿಹೋಗಿದೆ ಅಂತ ಅದರ ಅರ್ಥ. ಕಾಯಿಲೆ ಇದ್ದದ್ದು ಅಲ್ಲೇ.

ಹೊಸ ಪಂಪ್ 1,650, ಬೆಲ್ಟ್ 220 ರೂ. ಜೊತೆಗೆ ಬಂದ ಪ್ಯಾಕಿಂಗ್ ತೆಳುವಾಗಿತ್ತು. ಪ್ಯಾಕಿಂಗ್ ಶೀಟ್ ತಂದು ಪಂಪಿನ ಮೇಲೇ ಇಟ್ಟು, ಗುಂಡು ತಲೆಯ ಸಣ್ಣ ಸುತ್ತಿಗೆಯಿಂದ ಅಂಚಿಗೆ ಮೆಲ್ಲಗೆ ತಟ್ಟುತ್ತಾ ಕತ್ತರಿಸಿದೆ. ಬೋಲ್ಟ್ ತೂತುಗಳನ್ನು ಮೊದಲು ತಟ್ಟಿ, ಅವಕ್ಕೆ ಬೋಲ್ಟ್ ತುರುಕಿ ಹಿಡಿಸಿಕೊಂಡು ಆಮೇಲೆ ಹೊರ ಅಂಚಿಗೆ ಬರಬೇಕು. ಇಲ್ಲದಿದ್ದರೆ ಶೀಟ್ ಸರಿದು ಹೋಗುತ್ತದೆ. ಶೀಟ್, ಸೀಲೆಂಟ್ ಸೇರಿ 260 ರೂ.

ಪಂಪಿನ ಕಡೆ ಒಣಗಿತು. ಗೇರ್‌ಬಾಕ್ಸ್ ಕೆಳಗೆ ಮಾರನೇ ಬೆಳಿಗ್ಗೆಯೂ ಒದ್ದೆ.

ಜೂನ್ ಕೊನೆ: ಥರ್ಮೋಸ್ಟಾಟ್ ಇಲ್ಲದ ಎಂಜಿನ್

ಎಂಜಿನ್ ಯಾಕೆ ಬಿಸಿಯಾಗುತ್ತಿಲ್ಲ ಅಂತ ನೋಡಲು ಥರ್ಮೋಸ್ಟಾಟ್ ಹೌಸಿಂಗ್ ಬಿಚ್ಚಲು ಹೋದೆ. ಎಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ವಾಲ್ವೇ ಥರ್ಮೋಸ್ಟಾಟ್. ಮೂರು ಸ್ಟಡ್. ಹೌಸಿಂಗ್ ಅಲ್ಯೂಮಿನಿಯಂ, ಸ್ಟಡ್ ಕಬ್ಬಿಣ. ಎರಡರ ನಡುವೆ ಬಿಳಿ ಪುಡಿ ಬೆಳೆದು ಸಿಮೆಂಟಾಗಿತ್ತು. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿದ್ದೆ. ಮೊದಲ ನಟ್ ಬಂತು. ಎರಡನೆಯದು ಕಿರ್ರೆಂದು ಬಂತು. ಮೂರನೆಯದು ಸ್ಟಡ್ ಸಮೇತ ಮುರಿಯಿತು. ಹೌಸಿಂಗ್ ಮಾತ್ರ ಅಲ್ಲಾಡಲಿಲ್ಲ. ಮರದ ತುಂಡು ಇಟ್ಟು ಎರಡೂ ಪಕ್ಕದಿಂದ ತಟ್ಟುತ್ತಾ, ಎಣ್ಣೆ ಬಿಡುತ್ತಾ, ಮಧ್ಯಾಹ್ನದವರೆಗೂ ಕೂತೆ. ಸ್ಕ್ರೂಡ್ರೈವರ್ ತುರುಕಿ ಮೀಟಿದರೆ ಅಲ್ಯೂಮಿನಿಯಂ ಅಂಚು ಒಡೆಯುತ್ತದೆ, ಆಮೇಲೆ ಯಾವ ಪ್ಯಾಕಿಂಗ್ ಹಾಕಿದರೂ ಸೋರುತ್ತದೆ.

ಮುರಿದ ಸ್ಟಡ್ಡನ್ನು ವೆಲ್ಡಿಂಗಿನವರು ಬಂದು ಬಿಡಿಸಿದರು. ತುಂಡಿನ ಮೇಲೆ ಒಂದು ನಟ್ ಇಟ್ಟು ನಡುವಿಗೆ ವೆಲ್ಡ್ ತುಂಬಿಸಿದರು. ಕೆಂಪಗಿದ್ದದ್ದು ಸ್ವಲ್ಪ ಆರಿದ ಮೇಲೆ ಪಾನಾ ಹಾಕಿದರೆ ಸುಲಭವಾಗಿ ಬಂತು. ಹೊಸ ಸ್ಟಡ್ ಸೇರಿ 300 ರೂ.

ಒಳಗೆ ನೋಡಿದರೆ ಥರ್ಮೋಸ್ಟಾಟೇ ಇಲ್ಲ. ಯಾರೋ ಯಾವಾಗಲೋ ತೆಗೆದು ಬಿಸಾಕಿದ್ದಾರೆ. "ನಮ್ಮ ಕಡೆ ಸೆಖೆ, ಇದೆಲ್ಲ ಬೇಡ" ಅಂತ ತೆಗೆಯುವುದು ಹಳೇ ಅಭ್ಯಾಸ. ಅದು ಇಲ್ಲದಿದ್ದರೆ ನೀರು ಮೊದಲ ನಿಮಿಷದಿಂದಲೇ ರೇಡಿಯೇಟರಿಗೆ ಹೋಗುತ್ತದೆ. ಮಳೆಗಾಲದಲ್ಲಿ ಎಂಜಿನ್ ಬಿಸಿಯಾಗುವುದು ಎಲ್ಲಿಂದ? ಮುಚ್ಚಳದ ಕೆನೆಗೆ ಕಾರಣ ಸಿಕ್ಕಿತು. ಇದಕ್ಕೆ ಹೆಡ್ ಬಿಚ್ಚಿಸಲು ಹೊರಟಿದ್ದರಲ್ಲ!

ಈ ಎಂಜಿನ್ನಿಗೆ 74 ಡಿಗ್ರಿಯದೂ ಆಗುತ್ತದೆ, 82ರದೂ ಆಗುತ್ತದೆ. ಮಳೆಯ ಊರು ಅಂತ ನಾನು 82 ತರಿಸಿದೆ, 420 ರೂ. ಹಾಕುವ ಮುಂಚೆ ಅಡುಗೆಮನೆಯಲ್ಲಿ ಪಾತ್ರೆಯ ನೀರಿಗೆ ದಾರ ಕಟ್ಟಿ ಇಳಿಬಿಟ್ಟು ನೋಡಿದೆ. ತಳಕ್ಕೆ ತಾಗಬಾರದು. 80 ದಾಟುತ್ತಿದ್ದ ಹಾಗೆ ಬಾಯಿ ಬಿಡಲು ಶುರುವಾಯಿತು. ಹೊಸದನ್ನೂ ನೋಡಿಯೇ ಹಾಕಬೇಕು.

ಜುಲೈ: ಗಾಳಿ ತುಂಬಿ ನೋಡಿದ್ದು

ಇಲ್ಲಿಂದ ಶುರು ಮಾಡಬೇಕಿತ್ತು. ನೀರು ಸೋರುವ ಎಂಜಿನ್ನಿಗೆ ಸಾಮಾನು ಕೊಳ್ಳುವ ಮುಂಚೆ ಈ ಪರೀಕ್ಷೆ ಮಾಡಿ ಅಂತ ಈಗ ಕೇಳಿದವರಿಗೆಲ್ಲ ಹೇಳುತ್ತೇನೆ.

ರೇಡಿಯೇಟರ್ ಮುಚ್ಚಳದ ಮೇಲೆ 7 ಅಂತ ಇತ್ತು. ಅಂದರೆ 7 ಪಿಎಸ್‌ಐ, ಚದರ ಸೆಂ.ಮೀ.ಗೆ ಸುಮಾರು ಅರ್ಧ ಕೆಜಿ ಒತ್ತಡ. ಎಂಜಿನ್ ಬಿಸಿಯಾದಾಗ ಮಾತ್ರ ಅಷ್ಟು ಒತ್ತಡ ಬರುವುದು. ಆಗ ಬಿದ್ದ ಹನಿ ಬಿಸಿ ಬ್ಲಾಕಿನ ಮೇಲೇ ಆರಿ ಹೋಗುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಎಂಜಿನ್ ತಣ್ಣಗಿರುವಾಗಲೇ ಆ ಒತ್ತಡ ಕೊಟ್ಟರೆ ಹನಿ ಆರದೆ ಉಳಿಯುತ್ತದೆ.

ಅಂಗಡಿಯ ಟೆಸ್ಟರ್ ದುಬಾರಿ, ಹಾಗಾಗಿ ಮನೆಯಲ್ಲೇ ಮಾಡಿಕೊಂಡೆ. ಹಳೇ ರೇಡಿಯೇಟರ್ ಮುಚ್ಚಳದ ಒಳಗಿನ ಸ್ಪ್ರಿಂಗ್, ವಾಲ್ವ್ ಕಿತ್ತು ಹಾಕಿದೆ. ನಡುವೆ 11.5 ಮಿ.ಮೀ. ತೂತು ಕೊರೆದು ಟ್ಯೂಬ್‌ಲೆಸ್ ಟೈರಿನ ವಾಲ್ವ್ ಎಳೆದು ಕೂರಿಸಿದೆ. ಮುಚ್ಚಳದ ಒಳಗೆ ಹಳೇ ಟ್ಯೂಬಿನಿಂದ ಕತ್ತರಿಸಿದ ರಬ್ಬರ್ ಬಳೆ. ಸ್ಪ್ರಿಂಗ್ ಇಲ್ಲದ್ದರಿಂದ ಗಾಳಿ ಓವರ್‌ಫ್ಲೋ ಪೈಪಿನಿಂದ ಹೊರಟು ಹೋಗುತ್ತದೆ, ಅದರ ಬಾಯಿಗೆ ಬೋಲ್ಟ್ ತುರುಕಿ ಕ್ಲಿಪ್ ಬಿಗಿದೆ. ಕಾಲಿನಲ್ಲಿ ಒತ್ತುವ ಪಂಪಿನ ಗೇಜಿನಲ್ಲಿ ಅರ್ಧ ಕೆಜಿ ಓದಲು ಆಗುವುದಿಲ್ಲ. 0ರಿಂದ 1 ಕೆಜಿಯ ಸಣ್ಣ ಗೇಜ್ ತಂದು ಟಿ ಜಾಯಿಂಟಿನಲ್ಲಿ ಸೇರಿಸಿದೆ. ಎಲ್ಲ ಸೇರಿ 480 ರೂ.

ಎಚ್ಚರಿಕೆ: ಅರ್ಧ ಕೆಜಿ ಮೇಲೆ ಹೋಗಬೇಡಿ. ಹಳೇ ರೇಡಿಯೇಟರಿನ ಬೆಸುಗೆ ಬಿಟ್ಟುಕೊಳ್ಳುತ್ತದೆ. ಎಂಜಿನ್ ಬಿಸಿಯಿರುವಾಗ ಈ ಸಾಹಸ ಬೇಡವೇ ಬೇಡ.

ನೀರು ಬಾಯಿಯವರೆಗೆ ತುಂಬಿಸಿ, ಬ್ಲಾಕನ್ನು ಬಟ್ಟೆಯಿಂದ ಒರೆಸಿ, ಹೇರ್ ಡ್ರೈಯರಿನಿಂದ ಒಣಗಿಸಿದೆ. ಮಳೆಗಾಲದಲ್ಲಿ ತಾನಾಗಿ ಒಣಗಲಿ ಅಂತ ಕೂತರೆ ದೀಪಾವಳಿಯೇ ಬರುತ್ತದೆ. ಆಮೇಲೆ ಮಗುವಿನ ಮೈಗೆ ಹಾಕುವ ಪೌಡರ್ ತಂದು ಬ್ಲಾಕಿನ ಎರಡೂ ಪಕ್ಕಕ್ಕೆ ಊದಿದೆ. ಒತ್ತಡ ಅರ್ಧ ಕೆಜಿಗೆ ಏರಿಸಿ ಕಾದೆ. ಹತ್ತು ನಿಮಿಷದಲ್ಲಿ 0.3ಕ್ಕೆ ಇಳಿಯಿತು. ಬೈಕಿನ ಕನ್ನಡಿ ಮತ್ತು ಟಾರ್ಚ್ ಹಿಡಿದು ನೋಡಿದರೆ ಬಿಳಿ ಪೌಡರಿನ ಮೇಲೆ ಒಂದೇ ಒಂದು ಒದ್ದೆ ಗೆರೆ. ಡಿಸ್ಟ್ರಿಬ್ಯೂಟರ್ ಇರುವ ಪಕ್ಕ, ಹಿಂದಿನ ತುದಿಯಲ್ಲಿ, ಸ್ಟಾರ್ಟರ್ ಮೋಟಾರಿನ ಮೇಲ್ಗಡೆಯ ಕೋರ್ ಪ್ಲಗ್. ಅದರ ಕೆಳ ಅಂಚಿನಿಂದ ನೀರು ಜಿನುಗಿ, ಸ್ಟಾರ್ಟರ್ ಮೇಲೆ ಇಳಿದು, ಬೆಲ್ ಹೌಸಿಂಗ್ (ಗೇರ್‌ಬಾಕ್ಸಿನ ಮುಂದಿನ ಕವಚ) ಅಂಚು ಹಿಡಿದು ಗೇರ್‌ಬಾಕ್ಸ್ ಕೆಳಗೆ ಬೀಳುತ್ತಿತ್ತು. ಕೆಲವು ದಿನ ಸ್ಟಾರ್ಟರ್ ಗರ್ರೆಂದು ತಿರುಗಿ ಎಂಜಿನ್ ತಿರುಗಿಸದೇ ಇದ್ದದ್ದಕ್ಕೂ ಇದೇ ಕಾರಣ. ಬಿಚ್ಚಿ ನೋಡಿದರೆ ಬೆಂಡಿಕ್ಸ್ (ಸ್ಟಾರ್ಟರನ್ನು ಎಂಜಿನ್ನಿಗೆ ಕಚ್ಚಿಸುವ ಹಲ್ಲುಚಕ್ರ) ತುಕ್ಕು ಹಿಡಿದು ಜಾರದೆ ನಿಂತಿತ್ತು.

ಜುಲೈ: ಪ್ಲಗ್ ತೆಗೆದದ್ದು

ಬ್ಲಾಕ್ ಎರಕ ಹೊಯ್ಯುವಾಗ ಒಳಗಿನ ಮರಳು ತೆಗೆಯಲು ಬಿಟ್ಟ ತೂತಿಗೆ ಹೊಡೆದ ತಗಡಿನ ಬಟ್ಟಲೇ ಕೋರ್ ಪ್ಲಗ್. ಹಿಂದಿನ ಪ್ಲಗ್ಗಿಗೆ ಕೈ ಹೋಗಬೇಕಾದರೆ ಸ್ಟಾರ್ಟರ್ ಇಳಿಸಲೇಬೇಕು. ಬ್ಯಾಟರಿ ವೈರ್ ಮೊದಲು.

ಪ್ಲಗ್ಗಿನ ನಡುವೆ ಪಂಚ್ ಇಟ್ಟು ಒಂದು ಏಟು. ತೂತಾಯಿತು. ದೊಡ್ಡ ಸ್ಕ್ರೂಡ್ರೈವರ್ ತುರುಕಿ ಮೀಟಿದೆ. ಹೊರಗೆ ಬರುವ ಬದಲು ತಗಡೇ ಚೂರಾಯಿತು. ತುಕ್ಕು ತಿಂದು ಅಷ್ಟು ತೆಳುವಾಗಿತ್ತು. ಕೊನೆಗೆ ಒಂದು ಅಂಚಿಗೆ ಹಳೇ ಚಾಣದಿಂದ ಒಳಮುಖವಾಗಿ ತಟ್ಟಿದೆ. ಬಟ್ಟಲು ಅಡ್ಡಕ್ಕೆ ತಿರುಗಿತು, ಇಕ್ಕಳದಲ್ಲಿ ಹಿಡಿದು ಎಳೆದೆ. ಪಂಚ್ ಆಳಕ್ಕೆ ಹೋಗದಂತೆ ನೋಡಿಕೊಳ್ಳಿ, ಒಳಗೆ ಸ್ವಲ್ಪ ದೂರದಲ್ಲೇ ಸಿಲಿಂಡರ್ ಗೋಡೆ ಇದೆ.

ತೆಗೆದ ಕೂಡಲೇ ನೀರು ಬರಲಿಲ್ಲ. ಕೆಸರು ಬಂತು. ಅಡಿಕೆ ಬೇಯಿಸಿದ ಚೊಗರಿನ ಹಾಗೆ ಕಪ್ಪು ಕೆಂಪು, ಅಷ್ಟೇ ಮಂದ. ಬೆರಳು ಹಾಕಿದರೆ ಬ್ಲಾಕಿನ ಹಿಂಭಾಗದ ತಳ ಪೂರ್ತಿ ತುಂಬಿದೆ. ದೊಡ್ಡಪ್ಪ ಈ ಗಾಡಿಗೆ ಇಷ್ಟು ವರ್ಷ ಹಾಕಿದ್ದು ತೋಟದ ಹೊಳೆ ನೀರು. "ನಮ್ಮ ಹೊಳೆ ನೀರಿಗೆ ಏನಾಗಿದೆ ಮಾರಾಯ, ಕುಡಿಯೋ ನೀರು ಅದು," ಅಂತ ಫೋನಿನಲ್ಲೇ ಗದರಿದರು. ಕುಡಿಯಲು ಒಳ್ಳೆಯದೇ ದೊಡ್ಡಪ್ಪ, ಎರಕದ ಕಬ್ಬಿಣಕ್ಕೆ ಅಲ್ಲ. ಎಷ್ಟೇ ತಿಳಿಯಾದ ನೀರಾದರೂ ತುಕ್ಕು ತಡೆಯುವ ಮದ್ದು ಇಲ್ಲದಿದ್ದರೆ ಬ್ಲಾಕನ್ನು ಒಳಗಿನಿಂದ ತಿನ್ನುತ್ತದೆ. ತಿಂದ ಪುಡಿ ನೀರು ನಿಧಾನವಾಗುವ ಕಡೆ, ಅಂದರೆ ಹಿಂದಿನ ತಳದಲ್ಲಿ ಕೂರುತ್ತದೆ. ಕೆಸರಿನಲ್ಲಿ ಹುದುಗಿದ ತಗಡು ಮೊದಲು ತೂತಾಗುತ್ತದೆ. ನಮ್ಮಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ, ಕೂಲೆಂಟ್ ಯಾಕೆ ಅನ್ನುವವರು ಆ ತೂತಿಗೆ ಒಮ್ಮೆ ಬೆರಳು ಹಾಕಿ ನೋಡಬೇಕು.

ಸೈಕಲ್ ಕಡ್ಡಿ ಬಗ್ಗಿಸಿ ಕೆರೆದೆ, ಪೈಪಿನ ನೀರು ಬಿಟ್ಟೆ, ಮತ್ತೆ ಕೆರೆದೆ. ಬ್ಲಾಕಿನ ನಲ್ಲಿಯನ್ನು ಪೂರ್ತಿ ಕಳಚಿ ತೂತಿನೊಳಗೆ ಕಡ್ಡಿ ಆಡಿಸಿದ ಮೇಲೆ ಅಲ್ಲಿಂದಲೂ ನೀರು ಬಿತ್ತು. ಅದೇ ಪಕ್ಕದಲ್ಲಿ ಕೈಗೆ ಸಿಗುವ ಉಳಿದ ಪ್ಲಗ್‌ಗಳನ್ನೂ ಕಿತ್ತೆ. ಒಂದು ಹೋದರೆ ಮಿಕ್ಕವೂ ಅದೇ ವಯಸ್ಸಿನವು, ಅಲ್ವಾ?

ಜುಲೈ ಕೊನೆ: ಹೊಸ ಪ್ಲಗ್

ಇಲ್ಲಿನ ಅಂಗಡಿಯಲ್ಲಿ ಕೊಟ್ಟ ಪ್ಲಗ್ 41 ಮಿ.ಮೀ. ಕೈಯಲ್ಲಿ ಒತ್ತಿದರೇ ಒಳಗೆ ಹೋಯಿತು. ಬೇಕಾದದ್ದು 1 5/8 ಇಂಚು, ಅಂದರೆ 41.3 ಮಿ.ಮೀ. ಈ ಕೂದಲೆಳೆಯ ವ್ಯತ್ಯಾಸವೇ ಪ್ಲಗ್ಗನ್ನು ಬ್ಲಾಕಿನಲ್ಲಿ ಹಿಡಿದಿಡುವುದು. "ಎಪಾಕ್ಸಿ ಮೆತ್ತಿ ಬಿಡಿ ಸಾರ್, ನಿಲ್ಲತ್ತೆ," ಅಂದರು ಅಂಗಡಿಯವರು. ಘಾಟಿಯಲ್ಲಿ ಅದು ಹಾರಿಹೋದರೆ ನೀರೆಲ್ಲ ಒಂದೇ ಸಲ ಖಾಲಿ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹಿತ್ತಾಳೆಯವನ್ನು ತರಿಸಿದೆ, ಕೊರಿಯರ್ ಸೇರಿ 450 ರೂ. ಹಿತ್ತಾಳೆಗೆ ತುಕ್ಕು ಹಿಡಿಯುವುದಿಲ್ಲ.

ತೂತಿನ ಅಂಚನ್ನು ಎಮೆರಿಯಿಂದ ಹೊಳೆಯುವವರೆಗೆ ಉಜ್ಜಿ, ತೆಳುವಾಗಿ ಸೀಲೆಂಟ್ ಸವರಿ, ಒಂದು ಸಾಕೆಟ್ಟನ್ನು ಬಟ್ಟಲಿನೊಳಗೆ ಇಟ್ಟು ಹೊಡೆದೆ. ಮುಂದಿನವು ನೇರವಾಗಿ ಕೂತವು. ಹಿಂದಿನದಕ್ಕೆ ಸುತ್ತಿಗೆ ಬೀಸಲು ಜಾಗವಿಲ್ಲ, ಸ್ಟೀರಿಂಗ್ ಕಾಲಂ ಅಡ್ಡ. ಏಟು ಓರೆಯಾಗಿ ಬಿತ್ತು, ಪ್ಲಗ್ಗೂ ಓರೆಯಾಗಿ ಹೋಯಿತು. ಗಾಳಿ ತುಂಬಿದರೆ ಮೇಲಂಚಿನಲ್ಲಿ ಗುಳ್ಳೆ. ತೆಗೆದು ಬಿಸಾಕಿದೆ. ಓರೆಯಾದ ಪ್ಲಗ್ಗನ್ನು ತಟ್ಟಿ ನೇರ ಮಾಡಲು ಹೋಗಬಾರದು, ಅಂಚು ಸುಕ್ಕಾಗಿರುತ್ತದೆ.

ಭದ್ರಾವತಿ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರು ಮನೆ ಹಿಂದೆ ಲೇತ್ ಇಟ್ಟುಕೊಂಡಿದ್ದಾರೆ. ಹಾಳಾದ ಪ್ಲಗ್ ತೋರಿಸಿದೆ. ತಿರುಗಿಸಿ ತಿರುಗಿಸಿ ನೋಡಿದರು. "ಸಾಕೆಟ್‌ನಲ್ಲಿ ಹೊಡೆದ್ರಾ? ಅದರ ಬಾಯಿ ತಳಕ್ಕೆ ಪೂರ್ತಿ ಕೂರಲ್ಲ ಮಾರಾಯ್ರೇ. ಹೊಡೆತ ಎಲ್ಲಿಗೆ ಬೀಳ್ತದೆ ಹೇಳಿ," ಅಂದರು. ಬಟ್ಟಲಿನ ಒಳ ಅಳತೆಗಿಂತ ಅರ್ಧ ಮಿ.ಮೀ. ಚಿಕ್ಕದಾಗಿ ಒಂದು ಕಬ್ಬಿಣದ ಬಿಲ್ಲೆ ತಿರುವಿ, ಹಿಂದಕ್ಕೆ ಉದ್ದನೆಯ ಸರಳು ಸೇರಿಸಿ ಕೊಟ್ಟರು. ಸರಳಿನ ತುದಿ ಸ್ಟೀರಿಂಗ್ ಕಾಲಂ ದಾಟಿ ಹೊರಗೆ ಬರುತ್ತದೆ, ಸುತ್ತಿಗೆ ನೇರವಾಗಿ ಬೀಳುತ್ತದೆ. 250 ರೂ. ಈ ಕೆಲಸದಲ್ಲಿ ಕೊಟ್ಟ ದುಡ್ಡಿಗೆ ಅತಿ ಹೆಚ್ಚು ಬೆಲೆ ಬಂದದ್ದು ಇದಕ್ಕೇ.

ಪ್ಲಗ್ ಸಮವಾಗಿ ಕೂತಿತು. ರಾತ್ರಿ ಬಿಟ್ಟು ಬೆಳಿಗ್ಗೆ ಒತ್ತಡ ಕೊಟ್ಟೆ. ಅರ್ಧ ಗಂಟೆ ಕಳೆದರೂ ಮುಳ್ಳು ಅಲ್ಲಾಡಲಿಲ್ಲ.

ಆಗಸ್ಟ್: ರೇಡಿಯೇಟರ್, ಕೂಲೆಂಟ್

ಬ್ಲಾಕಿನಲ್ಲಿ ಅಷ್ಟು ಕೆಸರು ಇದ್ದ ಮೇಲೆ ರೇಡಿಯೇಟರಿನಲ್ಲೂ ಇರುತ್ತದೆ. ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ಕೊಟ್ಟೆ. ಮೇಲಿನ ಟ್ಯಾಂಕಿನ ಬೆಸುಗೆ ಬಿಚ್ಚಿ, ಒಂದೊಂದು ಕೊಳವೆಗೂ ಚಪ್ಪಟೆ ಪಟ್ಟಿ ಹಾಕಿ ಕೆರೆದು, ಮತ್ತೆ ಬೆಸೆದು ಕೊಟ್ಟರು. 1,900 ರೂ. ಹೊಸ ಮುಚ್ಚಳ 180, ಅದೂ 7ರದೇ. ಜಾಸ್ತಿ ಒತ್ತಡದ್ದು ಹಾಕಿದರೆ ಒಳ್ಳೆಯದು ಅಂತ ಕೆಲವರು ಹೇಳುತ್ತಾರೆ. ಹಳೇ ಬೆಸುಗೆಗೆ ಅದು ಬೇಡ.

ಕೂಲೆಂಟ್ 3 ಲೀಟರ್, ಡಿಸ್ಟಿಲ್ಡ್ ವಾಟರ್ 5 ಲೀಟರ್, ಬಕೆಟ್ಟಿನಲ್ಲಿ ಮೊದಲೇ ಕಲಸಿ ಹಾಕಿದೆ. 1,050 ಮತ್ತು 150 ರೂ. ಹಿತ್ತಾಳೆ ರೇಡಿಯೇಟರಿಗೆ, ಸೀಸದ ಬೆಸುಗೆಗೆ ಆಗುತ್ತದೆ ಅಂತ ಡಬ್ಬಿಯ ಮೇಲೆ ಬರೆದಿರುವುದನ್ನೇ ತೆಗೆದುಕೊಳ್ಳಿ. ಬಣ್ಣ ನೋಡಿ ಕೊಳ್ಳಬೇಡಿ. ಗಾಡಿಯ ಮೂತಿ ಇಳಿಜಾರಿನಲ್ಲಿ ಮೇಲಿರುವಂತೆ ನಿಲ್ಲಿಸಿ, ಮುಚ್ಚಳ ತೆಗೆದಿಟ್ಟು, ಥರ್ಮೋಸ್ಟಾಟ್ ಬಾಯಿ ಬಿಡುವವರೆಗೆ ಎಂಜಿನ್ ಓಡಿಸಿದೆ. ಒಳಗಿದ್ದ ಗಾಳಿ ಗುಳುಕ್ ಎಂದು ಹೊರಟು ಮಟ್ಟ ಇಳಿಯಿತು, ಮತ್ತೆ ತುಂಬಿಸಿದೆ. ಚೆಲ್ಲಿದ್ದನ್ನು ಕೂಡಲೇ ನೀರು ಹಾಕಿ ತೊಳೆಯಬೇಕು. ಇದು ಸಿಹಿಯಾಗಿರುತ್ತದೆ, ನಾಯಿ ನೆಕ್ಕಿದರೆ ಸಾಯುತ್ತದೆ.

ಒಟ್ಟು 8,160 ರೂ. ಅದರಲ್ಲಿ ನಿಜವಾದ ಸೋರಿಕೆಗೆ ಹೋದದ್ದು ಪ್ಲಗ್ 450, ಸರಳು 250, ಅಂದರೆ 700 ರೂ. ಮಿಕ್ಕದ್ದರಲ್ಲಿ ಹೋಸು, ಥರ್ಮೋಸ್ಟಾಟ್, ರೇಡಿಯೇಟರ್ ಹೇಗೂ ಬೇಕಿತ್ತು. ಪಂಪ್ ಇನ್ನೊಂದು ವರ್ಷ ಓಡುತ್ತಿತ್ತೇನೋ.

ಆಗಸ್ಟ್: ಘಾಟಿ

ಗಾಜನೂರು, ಮಂಡಗದ್ದೆ, ತೀರ್ಥಹಳ್ಳಿ ಮೇಲೆ ಆಗುಂಬೆ. 14 ಹೇರ್‌ಪಿನ್ ತಿರುವು ಇಳಿದು ಸೋಮೇಶ್ವರದಲ್ಲಿ ಚಹಾ ಕುಡಿದು, ಹಿಂದಿನ ಸೀಟಿನಲ್ಲಿ ಮೂವರನ್ನು ಕೂರಿಸಿಕೊಂಡು ವಾಪಸ್ ಹತ್ತಿಸಿದೆ. ಎರಡನೇ ಗೇರಿನಲ್ಲೇ ಜಾಸ್ತಿ ಹೊತ್ತು. ಮುಳ್ಳು ನಡುವಿಗಿಂತ ಸ್ವಲ್ಪ ಮೇಲೆ ಹೋಗಿ ನಿಂತಿತು, ಆಗುಂಬೆ ಚೆಕ್‌ಪೋಸ್ಟ್ ಬರುವಷ್ಟರಲ್ಲಿ ಇಳಿಯಿತು. ಮನೆಗೆ ಬಂದು ಮಾರನೇ ಬೆಳಿಗ್ಗೆ ಮುಚ್ಚಳ ತೆಗೆದರೆ ಮಟ್ಟ ಇದ್ದಲ್ಲೇ ಇತ್ತು. ಆಯಿಲ್ ಮುಚ್ಚಳದ ಕೆನೆಯೂ ಮುಕ್ಕಾಲು ಪಾಲು ಮಾಯ.

ಕೆಳಗಿನ ಹೋಸಿನ ಕ್ಲಿಪ್ ಹತ್ತಿರ ಮಾತ್ರ ಒಂದು ಹನಿ ಕಂಡಿತು. ಬಿಸಿಯಿದ್ದಾಗ ಇರಲಿಲ್ಲ, ತಣ್ಣಗಾದ ಮೇಲೆ ಬಂದದ್ದು. ಹೊಸ ರಬ್ಬರ್ ಬಿಸಿಗೆ ಕೂತಿರುತ್ತದೆ, ಕ್ಲಿಪ್ಪನ್ನು ಅರ್ಧ ಸುತ್ತು ಬಿಗಿದೆ, ನಿಂತಿತು. ಗೇರ್‌ಬಾಕ್ಸ್ ಇಳಿಸದೆ ಕೈಗೆ ಸಿಗದ ಹಿಂಬದಿಯ ಪ್ಲಗ್ಗನ್ನು ಹಾಗೇ ಬಿಟ್ಟಿದ್ದೇನೆ. ಕ್ಲಚ್ ಪ್ಲೇಟ್ ಹಾಕಿಸುವ ದಿನ ಅದಕ್ಕೂ ಹಿತ್ತಾಳೆಯದು ಹೊಡೆಯಬೇಕು. ತರಿಸಿದ್ದರಲ್ಲಿ ಒಂದು ಉಳಿದಿದೆ.